ಬಿಲ್ಲನ್ನು ಕೊನೆಗೆ ಕೊಳ್ಳಿ: ಜಪಾನಿ ಬಿಲ್ಲುಗಾರರ ಚೀಲ ಜೋಡಿಸುವ ಬಗೆ

ಕ್ಯೂದೊ, ಅಂದರೆ ಜಪಾನಿ ಬಿಲ್ಲುಗಾರಿಕೆ, ಕಲಿಯಬೇಕು ಅಂತ ಹೊರಟವರು ಮೊದಲು ಕೇಳುವುದು ಬಿಲ್ಲಿನ ಬೆಲೆಯನ್ನು. ನಾನೂ ಅದನ್ನೇ ಕೇಳಿದ್ದೆ. ಜಪಾನಿನಲ್ಲಿ ನಾನಿರುವ ಊರಿನ ನಗರಸಭೆಯ ಕ್ಯೂದೊ ಅಂಗಳಕ್ಕೆ ಸೇರಿ ಮೂರನೇ ವಾರವಿರಬೇಕು. ನಮ್ಮ ಸೆನ್ಸೇ (ಗುರು) ಎಪ್ಪತ್ತು ದಾಟಿದವರು. ಬೆಲೆ ಹೇಳಲಿಲ್ಲ. ನನ್ನ ಬಲಗೈ ಹಿಡಿದು, ಹೆಬ್ಬೆರಳನ್ನು ಎರಡು ಸಲ ಒತ್ತಿ ನೋಡಿ, "ಮೊದಲು ಇದಕ್ಕೊಂದು ಮನೆ ಮಾಡು" ಅಂದರು.

ಮಾತು ಆಗ ಅರ್ಥವಾಗಲಿಲ್ಲ. ಆಮೇಲೆ ತಿಳಿದದ್ದನ್ನು ಹೀಗೆ ಹೇಳಬಹುದು: ಜಪಾನಿ ಬಿಲ್ಲುಗಾರಿಕೆಯಲ್ಲಿ ಬಿಲ್ಲನ್ನು ಎರವಲು ಪಡೆಯಬಹುದು, ಕೈಗವಸನ್ನು ಪಡೆಯಲಾಗದು. ಹೆಚ್ಚಿನ ಅಂಗಳಗಳಲ್ಲಿ ಕಲಿಯುವವರಿಗೆಂದೇ ಬಿಲ್ಲುಗಳು ಸಾಲಾಗಿ ನಿಂತಿರುತ್ತವೆ. ನಿಮ್ಮ ಮೈಗೆ, ನಿಮ್ಮ ಬೆರಳಿಗೆ, ನಿಮ್ಮ ತೋಳಿಗೆ ಹೊಂದಬೇಕಾದ ಸಾಮಾನುಗಳು ಬೇರೆಯೇ ಇವೆ. ಅವುಗಳಿಂದ ಶುರುಮಾಡಿ ಬಿಲ್ಲಿನ ಕಡೆಗೆ ಹೋಗುವುದು ಸರಿಯಾದ ದಾರಿ. ಈ ಲೇಖನದ ಕ್ರಮವೂ ಅದೇ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿಕೊಂಡು ಆನ್‌ಲೈನ್‌ನಲ್ಲಿ ಎಲ್ಲ ತರಿಸಿ ಹಿತ್ತಲಲ್ಲಿ ಬಾಣ ಬಿಡಲು ಹೋಗಬೇಡಿ. ಗುರುವಿನ ಕಣ್ಣಿಗೆ ಬೀಳದ ಸಾಮಾನು ಕೊಂಡರೆ ಹಣ ಹೋಗುತ್ತದೆ. ಅಳತೆ ತಪ್ಪಿದ ಬಾಣ ಕೊಂಡರೆ ಕೈಯೇ ಹೋಗಬಹುದು.

ಮೊದಲು ತೋಳಿನ ಅಳತೆ

ಅಂಗಡಿಗೆ ಹೋಗುವ ಮುಂಚೆ ನಿಮಗೆ ಒಂದು ಸಂಖ್ಯೆ ಗೊತ್ತಿರಬೇಕು. ಅದರ ಹೆಸರು ಯಾಜುಕಾ, ಅಂದರೆ ನೀವು ಎಳೆಯಬೇಕಾದ ಬಾಣದ ಉದ್ದ. ನೆಟ್ಟಗೆ ನಿಂತು ಎಡಗೈಯನ್ನು ಭುಜದ ಸಮಕ್ಕೆ ಪಕ್ಕಕ್ಕೆ ಚಾಚಿ. ಮುಖವನ್ನು ಎಡಕ್ಕೆ ತಿರುಗಿಸಿ. ಗಂಟಲಿನ ನಡುವಿನಿಂದ ಎಡಗೈಯ ನಡುಬೆರಳಿನ ತುದಿಯವರೆಗೆ ಬೇರೆ ಯಾರಾದರೂ ಟೇಪು ಹಿಡಿಯಲಿ. ಒಬ್ಬರೇ ಅಳೆದುಕೊಳ್ಳಲು ಹೋದರೆ ಎರಡು ಮೂರು ಸೆಂ.ಮೀ. ತಪ್ಪುವುದು ಖಂಡಿತ. ಸಾಮಾನ್ಯವಾಗಿ ಇದು ನಿಮ್ಮ ಎತ್ತರದ ಅರ್ಧದ ಆಸುಪಾಸಿಗೆ ಬರುತ್ತದೆ.

ಈ ಒಂದು ಸಂಖ್ಯೆಯಿಂದ ಬಾಣದ ಉದ್ದವೂ ಬಿಲ್ಲಿನ ಉದ್ದವೂ ನಿರ್ಧಾರವಾಗುತ್ತವೆ. ಬರೆದಿಟ್ಟುಕೊಳ್ಳಿ. ಆರು ತಿಂಗಳ ನಂತರ ಮತ್ತೆ ಅಳೆಯಿರಿ. ಎದೆ ಬಿಚ್ಚಿಕೊಂಡು ಎಳೆಯಲು ಕಲಿತ ಮೇಲೆ ನಿಮ್ಮ ನಿಜವಾದ ಎಳೆತ ಮೊದಲಿಗಿಂತ ಉದ್ದವಾಗಿರುತ್ತದೆ.

ಉಡುಪು: ಬೇಗ ಮುಗಿಯುವ ವಿಷಯ

ಬಿಳಿ ಅಂಗಿ (ಕ್ಯೂದೋಗಿ), ಸೊಂಟಕ್ಕೆ ಸುತ್ತುವ ಪಟ್ಟಿ (ಓಬಿ), ಕಪ್ಪು ಅಥವಾ ಕಡುನೀಲಿ ಹಕಾಮ (ನೆರಿಗೆಯ ಅಗಲ ಷರಾಯಿ), ಬಿಳಿ ತಾಬಿ (ಹೆಬ್ಬೆರಳು ಬೇರೆಯಾಗಿರುವ ಕಾಲ್ಚೀಲ). ಇಷ್ಟೇ. ಹಕಾಮದ ಬೆನ್ನಿಗೆ ಗಂಡಸರಿಗಾದರೆ ಗಟ್ಟಿ ಹಲಗೆಯಂಥ ಪಟ್ಟಿ ಇರುತ್ತದೆ. ಹೆಂಗಸರು ಅದಿಲ್ಲದ ಹಕಾಮವನ್ನು ಸೊಂಟಕ್ಕಿಂತ ಮೇಲೆ ಕಟ್ಟುತ್ತಾರೆ. ನೆರಿಗೆ ಮುರಿಯದಂತೆ ಮಡಚುವುದನ್ನು ಕಲಿಯಲು ನನಗೆ ಬಾಣ ಹೂಡುವುದನ್ನು ಕಲಿತದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಪಂಚೆಯ ನೆರಿಗೆ ಹಿಡಿದು ಬೆಳೆದವರಿಗೆ ಇದು ಸುಲಭವಾಗಬೇಕಿತ್ತು, ಆಗಲಿಲ್ಲ.

ತಾಬಿಯನ್ನು ಮಾತ್ರ ಕಾಲಿಗೆ ಹಾಕಿ ನೋಡಿಯೇ ಕೊಳ್ಳಿ. ಹಿಮ್ಮಡಿಯ ಹತ್ತಿರ ಸಣ್ಣ ಲೋಹದ ಕೊಕ್ಕೆಗಳಿರುತ್ತವೆ. ಸಡಿಲವಿದ್ದರೆ ಮರದ ನೆಲದ ಮೇಲೆ ಕಾಲು ಜಾರುತ್ತದೆ, ಕಾಲು ಜಾರಿದರೆ ಬಾಣ ಎಲ್ಲಿಗೆ ಹೋಯಿತೆಂದು ಕೇಳಬೇಡಿ.

ಹೆಂಗಸರು ಎದೆ ಮುಚ್ಚುವಂತೆ ಮುನೆ-ಆತೆ ಎಂಬ ಎದೆಗಾಪು ಧರಿಸುತ್ತಾರೆ. ಚರ್ಮದ್ದೂ ಬರುತ್ತದೆ, ರೆಕ್ಸಿನ್ನಿನಂಥದ್ದೂ ಬರುತ್ತದೆ. ಜಪಾನಿ ಶೈಲಿಯಲ್ಲಿ ಹೆದೆಯನ್ನು ಗಲ್ಲ ದಾಟಿಸಿ ಬಲಕಿವಿಯ ಹಿಂದಿನವರೆಗೆ ಎಳೆಯುತ್ತಾರೆ. ಬಿಟ್ಟಾಗ ಅದು ಮುಖದ ಪಕ್ಕದಿಂದಲೇ ಹಾಯ್ದು ಹೋಗುತ್ತದೆ. ಹಾಗಾಗಿ ಓಲೆ, ಜುಮುಕಿ, ಮೂಗುತಿ, ಉದ್ದದ ಕರಿಮಣಿ ಸರ, ಎಡಗೈಯ ಬಳೆ, ಗಡಿಯಾರ ಎಲ್ಲವೂ ಚೀಲದೊಳಗೆ ಹೋಗಬೇಕು. ನಮ್ಮ ಜೊತೆ ಕಲಿಯುತ್ತಿದ್ದ ಬೆಂಗಳೂರಿನ ಹುಡುಗಿಯೊಬ್ಬಳು "ಸಣ್ಣ ಓಲೆ ತಾನೆ, ಏನಾಗುತ್ತೆ" ಅಂದಿದ್ದಳು. ಮೊದಲ ವಾರದಲ್ಲೇ ಹೆದೆ ಕಿವಿ ಸವರಿಕೊಂಡು ಹೋಯಿತು. ಕಿವಿ ಉಳಿಯಿತು, ಓಲೆ ಇನ್ನೂ ಸಿಕ್ಕಿಲ್ಲ.

ಹೆಬ್ಬೆರಳಿನ ಮನೆ

ಈಗ ಮುಖ್ಯ ವಿಷಯಕ್ಕೆ ಬಂದೆವು. ಕೈಗವಸಿಗೆ ಯುಗಾಕೆ ಎಂದು ಹೆಸರು. ಅಂಗಳದಲ್ಲಿ ಎಲ್ಲರೂ ಬರೀ 'ಕಾಕೆ' ಅನ್ನುತ್ತಾರೆ.

ಒಲಿಂಪಿಕ್ಸ್‌ನಲ್ಲಿ ನೋಡುವ ಬಿಲ್ಲುಗಾರರು ಮೂರು ಬೆರಳುಗಳಿಂದ ಹೆದೆ ಎಳೆಯುತ್ತಾರೆ. ಹೆಬ್ಬೆರಳಿಗೆ ಅಲ್ಲಿ ಕೆಲಸವಿಲ್ಲ. ಜಪಾನಿನಲ್ಲಿ ಎಳೆಯುವುದೇ ಹೆಬ್ಬೆರಳಿನ ಬುಡದಿಂದ. ದ್ರೋಣರು ಏಕಲವ್ಯನಲ್ಲಿ ಬೇರಾವ ಬೆರಳನ್ನೂ ಕೇಳದೆ ಹೆಬ್ಬೆರಳನ್ನೇ ಯಾಕೆ ಕೇಳಿದರು ಎಂಬುದು ಕಾಕೆ ತೊಟ್ಟು ಮೊದಲ ಬಾಣ ಬಿಟ್ಟ ದಿನ ಕೈಗೇ ತಿಳಿಯುತ್ತದೆ.

ಕಾಕೆಯನ್ನು ಜಿಂಕೆ ಚರ್ಮದಿಂದ ಹೊಲಿಯುತ್ತಾರೆ. ಹೆಬ್ಬೆರಳಿಗೆ ಒಳಗಡೆ ಮರ ಅಥವಾ ಕೊಂಬಿನ ಗಟ್ಟಿ ಟೋಪಿ ಕೂತಿರುತ್ತದೆ, ಅದಕ್ಕೆ ಬೋಶಿ ಎನ್ನುತ್ತಾರೆ. ಬೋಶಿಯ ಬುಡದಲ್ಲಿ ಒಂದು ಸಣ್ಣ ಮೆಟ್ಟಿಲಿನಂಥ ಕಚ್ಚು. ಹೆದೆ ಕೂರುವುದು ಅಲ್ಲಿ. ಅದರ ಹೆಸರು ತ್ಸುರುಮಾಕುರ, ಅಕ್ಷರಶಃ ಹೆದೆಯ ತಲೆದಿಂಬು. ಹೆದೆ ಅಲ್ಲಿ ತಲೆಯಿಟ್ಟ ಮೇಲೆ ಉಳಿದ ಬೆರಳುಗಳು ಹೆಬ್ಬೆರಳಿನ ಮೇಲೆ ಮಲಗಿ ಅದನ್ನು ಹಿಡಿದಿಡುತ್ತವೆ. ಬಾಣ ಬಿಡುವುದು ಅಂದರೆ ಆ ಹಿಡಿತ ಬಿಚ್ಚುವುದು.

ಮೂರು ಬಗೆಯ ಕಾಕೆಗಳಿವೆ. ಮೂರು ಬೆರಳು ಮುಚ್ಚುವ ಮಿತ್ಸುಗಾಕೆ, ನಾಲ್ಕರ ಯೋತ್ಸುಗಾಕೆ, ಐದೂ ಮುಚ್ಚುವ ಮೊರೋಗಾಕೆ. ನಾಲ್ಕು ಬೆರಳಿನದಕ್ಕೆ ಒಂದು ಚರಿತ್ರೆಯಿದೆ. ಕ್ಯೋಟೋದ ಸಂಜೂಸಾಂಗೆನ್‌ದೋ ಗುಡಿಯ ಪಡಸಾಲೆ ಸುಮಾರು 120 ಮೀಟರ್ ಉದ್ದ. ಎದೋ ಕಾಲದಲ್ಲಿ (1603–1868) ಆ ಪಡಸಾಲೆಯ ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಗೆ, ಮಾಡಿನ ತೊಲೆಗೆ ತಾಗದಂತೆ, ಒಂದು ಹಗಲು ಒಂದು ರಾತ್ರಿ ಬಾಣ ಬಿಡುವ ಪಂದ್ಯ ನಡೆಯುತ್ತಿತ್ತು. 1686ರಲ್ಲಿ ವಾಸಾ ದೈಹಾಚಿರೋ ಎಂಬ ಬಿಲ್ಲುಗಾರ 13,053 ಬಾಣ ಬಿಟ್ಟು 8,133ನ್ನು ಆಚೆ ತುದಿಗೆ ಮುಟ್ಟಿಸಿದ. ಅಷ್ಟು ಎಳೆಯಬೇಕಾದರೆ ಬರಿಯ ಬೆರಳು, ಮೆತ್ತನೆ ಚರ್ಮ ಸಾಲದು. ಗಟ್ಟಿ ಬೋಶಿಯ, ಉಂಗುರ ಬೆರಳಿನ ಬಲವೂ ಸೇರುವ ಕಾಕೆ ಬೆಳೆದದ್ದು ಆ ಪಂದ್ಯದ ಒತ್ತಡದಲ್ಲಿ. ಮೊದಲ ವರ್ಷದವರಿಗೆ ಮಿತ್ಸುಗಾಕೆಯೇ ಸರಿ. ನನ್ನದೂ ಅದೇ.

ಕೊಳ್ಳುವಾಗ ಹೀಗೆ ನೋಡಿ. ಒಳಗೆ ತೆಳು ಹತ್ತಿಯ ಒಳಗವಸು (ಶಿತಾಗಾಕೆ) ಹಾಕಿಕೊಂಡೇ ತೊಟ್ಟು ನೋಡಬೇಕು, ಬರಿಗೈಯಲ್ಲಿ ನೋಡಿದರೆ ಅಳತೆ ಮೋಸ ಮಾಡುತ್ತದೆ. ಬೋಶಿಯೊಳಗೆ ಹೆಬ್ಬೆರಳು ನೇರವಾಗಿ ಮಲಗಬೇಕು, ತುದಿ ಗೋಡೆಗೆ ಒತ್ತಬಾರದು. ಮಣಿಕಟ್ಟನ್ನು ಆಡಿಸಿದಾಗ ಬೋಶಿ ಬೆರಳಿನ ಜೊತೆಗೇ ಬರಬೇಕು. ಬೆರಳು ಒಂದು ಕಡೆ, ಟೋಪಿ ಒಂದು ಕಡೆ ಆದರೆ ಅದು ಬೇರೆಯವರ ಕಾಕೆ.

ತೊಡುವುದಕ್ಕೂ ಒಂದು ರೀತಿಯಿದೆ. ಮಂಡಿಯೂರಿ ಕೂತೇ ತೊಡಬೇಕು, ನಿಂತು ತೊಡುವುದಿಲ್ಲ. ಹಕಾಮ, ಎದೆಗಾಪು ಎಲ್ಲ ಕಟ್ಟಿ ಮುಗಿದ ಮೇಲೆ ಕೊನೆಗೆ ಕಾಕೆ. ಮಣಿಕಟ್ಟಿನ ದಾರವನ್ನು ಒಂದರ ಮೇಲೊಂದು ಬೀಳದಂತೆ ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿ. ಬಿಗಿ ಎಷ್ಟಿರಬೇಕು? ಸುತ್ತಿನೊಳಗೆ ಒಂದು ಬೆರಳು ಕಷ್ಟಪಟ್ಟು ಹೋಗುವಷ್ಟು. ನಾನು ಮೊದಮೊದಲು ಬಳೆಗಾರ ಬಳೆ ಇಟ್ಟಹಾಗೆ ಬಿಗಿದು ಕಟ್ಟಿ ಕೈ ಜೋಮು ಹಿಡಿಸಿಕೊಂಡಿದ್ದೆ.

ನಮ್ಮ ಅಂಗಳದಲ್ಲಿ ಒಂದು ಮಾತು ಓಡಾಡುತ್ತದೆ. ಜಪಾನಿಯಲ್ಲಿ 'ಕಾಕೆಗಾಯೆ ನೋ ನಾಯ್' ಅಂದರೆ ಇನ್ನೊಂದು ಸಿಗದ್ದು, ಬೆಲೆಕಟ್ಟಲಾಗದ್ದು. ಬದಲಿ ಕಾಕೆ ಇಲ್ಲದಿರುವುದರಿಂದಲೇ ಆ ಮಾತು ಹುಟ್ಟಿತು ಎಂದು ಬಿಲ್ಲುಗಾರರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಭಾಷಾ ಪಂಡಿತರು ಒಪ್ಪುವುದಿಲ್ಲವಂತೆ, ಬಿಡಿ. ಆದರೆ ಕಾಕೆ ನಿಮ್ಮ ಕೈಯ ಆಕಾರಕ್ಕೆ ನಿಧಾನವಾಗಿ ಒಗ್ಗುತ್ತದೆ, ಬೇರೆಯವರ ಕೈ ಅದರೊಳಗೆ ಹೋದರೆ ಆ ಒಗ್ಗುವಿಕೆ ಕೆಡುತ್ತದೆ ಎಂಬುದು ನಿಜ. ಅದಕ್ಕೇ ಯಾರ ಕಾಕೆಯನ್ನೂ "ಸ್ವಲ್ಪ ತೊಟ್ಟು ನೋಡಲೇ" ಅಂತ ಕೇಳಬಾರದು.

ಅದಕ್ಕಿರುವ ದೊಡ್ಡ ಶತ್ರು ತೇವ. ಬೆವರನ್ನು ಕುಡಿಯಲಿಕ್ಕೇ ಒಳಗವಸು ಇರುವುದು. ಎರಡು ಮೂರು ಇಟ್ಟುಕೊಂಡು ನಡುವೆ ಬದಲಿಸಿ. ಕಾಕೆಯನ್ನು ತೊಳೆಯುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ. ನೆರಳಲ್ಲಿ ಗಾಳಿಗೆ ಆರಿಸಿ ಬಟ್ಟೆಯ ಚೀಲದಲ್ಲಿ ಇಡಬೇಕು. ಒಮ್ಮೆ ಜುಲೈ ರಜೆಗೆ ಸಾಗರಕ್ಕೆ ಬರುವಾಗ ಅಭ್ಯಾಸ ತಪ್ಪದಿರಲೆಂದು ಕಾಕೆ ತಂದಿದ್ದೆ. ಆಷಾಢದ ಜಡಿಮಳೆ. ಹತ್ತು ದಿನದಲ್ಲಿ ಬೆಲ್ಲದ ಬಣ್ಣದ ಚರ್ಮಕ್ಕೆ ಬಿಳಿ ಬೂಷ್ಟು ಬಂದಿತ್ತು. ಅಮ್ಮ ಅಡಿಕೆ ಒಣಗಿಸುವ ಅಟ್ಟದ ಮೇಲೆ, ಹೊಗೆ ತಾಗದ ಮೂಲೆಯಲ್ಲಿ ಇಟ್ಟು ಹೇಗೋ ಉಳಿಸಿಕೊಟ್ಟರು. ಈಗಲೂ ಮೂಸಿದರೆ ಸಣ್ಣಗೆ ಅಟ್ಟದ ವಾಸನೆ ಬರುತ್ತದೆ. ಸೆನ್ಸೇಗೆ ಹೇಳಿಲ್ಲ.

ಎರಡು ಪುಡಿಗಳು

ಕಾಕೆಯ ಜೊತೆಗೇ ಎರಡು ಪುಟ್ಟ ಡಬ್ಬಿ ಕೊಳ್ಳಬೇಕು. ಎರಡೂ ಪುಡಿಗಳೇ, ಮಾಡುವ ಕೆಲಸ ಮಾತ್ರ ಬೇರೆ ಬೇರೆ.

ಗಿರಿಕೊ ಎಂಬುದು ಪೈನ್ ಮರದ ರಾಳವನ್ನು ಕಾಯಿಸಿ, ಎಣ್ಣೆಯಂಶ ತೆಗೆದು ಮಾಡಿದ ಪುಡಿ. ಇದು ಬಲಗೈಗೆ: ಕಾಕೆಯ ಬೋಶಿಗೂ ಅದನ್ನು ಒತ್ತುವ ಬೆರಳಿಗೂ ಚಿಟಿಕೆ ಹಾಕಿ ಉಜ್ಜಿದರೆ ಚರ್ಮ ಚರ್ಮವನ್ನು ಹಿಡಿಯುತ್ತದೆ. ಎಳೆಯುವಾಗ ಗಿರಿಗಿರಿ ಸದ್ದು ಬರುತ್ತದೆ. ಮಂಗಳಾರತಿಗೆ ರಾಳದ ಪುಡಿ ಎರಚಿದ ವಾಸನೆ ಗೊತ್ತಿದ್ದವರಿಗೆ ಡಬ್ಬಿ ತೆರೆದ ಕೂಡಲೇ ಗುಡಿಯ ನೆನಪಾಗುತ್ತದೆ. ಜಾಸ್ತಿ ಹಾಕಬೇಡಿ, ಬಿಡುವಾಗ ಬೆರಳು ಬಿಚ್ಚಿಕೊಳ್ಳುವುದಿಲ್ಲ.

ಫುದೆಕೊ ಎಂಬುದು ಬತ್ತದ ಹೊಟ್ಟಿನ ಬೂದಿ. ಇದು ಎಡಗೈಗೆ, ಬೆವರಿಗೆ. ಬಾಣ ಬಿಟ್ಟ ಕ್ಷಣದಲ್ಲಿ ಬಿಲ್ಲು ಎಡಗೈಯ ಮುಷ್ಟಿಯೊಳಗೆ ತಾನೇ ತಿರುಗಿ, ಹೆದೆ ಮುಂಗೈಯ ಹೊರಗಡೆಗೆ ಬರುತ್ತದೆ. ಅಂಗೈ ಒದ್ದೆಯಿದ್ದರೆ ಈ ತಿರುಗುವಿಕೆ ಸಿಕ್ಕಿಹಾಕಿಕೊಳ್ಳುತ್ತದೆ. ಬರವಣಿಗೆಯ ಕುಂಚ ಮಾಡುವವರು ಕೂದಲಿನ ಜಿಡ್ಡು ತೆಗೆಯಲು ಇದೇ ಬೂದಿ ಬಳಸುತ್ತಾರೆ. ಫುದೆ ಅಂದರೆ ಕುಂಚ, ಕೊ ಅಂದರೆ ಪುಡಿ. ಉಮಿಕರಿಯಲ್ಲಿ ಹಲ್ಲುಜ್ಜಿ ಬೆಳೆದ ನನಗೆ ಅದನ್ನು ದುಡ್ಡು ಕೊಟ್ಟು ಕೊಂಡದ್ದೇ ಒಂದು ತಮಾಷೆ.

ಡಬ್ಬಿಗಳನ್ನು ಅದಲುಬದಲು ಮಾಡಬೇಡಿ. ರಾಳ ಎಡಗೈಗೆ ಹೋದರೆ ಆ ದಿನದ ಅಭ್ಯಾಸ ಮುಗಿದಂತೆ.

ಬಾಣ

ಬಾಣದ ವಿಷಯದಲ್ಲಿ ಒಂದೇ ನಿಯಮವನ್ನು ಕಲ್ಲಿನ ಮೇಲೆ ಕೆತ್ತಿದಂತೆ ನೆನಪಿಡಿ: ಗಿಡ್ಡ ಬಾಣ ಬೇಡ. ಯಾಜುಕಾಗಿಂತ ಕನಿಷ್ಠ 5 ಸೆಂ.ಮೀ. ಉದ್ದವಿರಬೇಕು, ಹೊಸಬರಿಗೆ 10 ಸೆಂ.ಮೀ. ಹೆಚ್ಚಿದ್ದರೆ ಒಳ್ಳೆಯದು. ಬಾಣ ಗಿಡ್ಡವಾದರೆ ಪೂರಾ ಎಳೆದಾಗ ಅದರ ಮೊನೆ ಬಿಲ್ಲಿನ ಒಳಗಡೆಗೆ ಜಾರುತ್ತದೆ. ಆಗ ಹೆದೆ ಬಿಟ್ಟರೆ ಬಾಣ ಮುರಿದು ಎಡಗೈಗೋ ಮುಖಕ್ಕೋ ಬರುತ್ತದೆ. ಸ್ನೇಹಿತರ ಬಾಣ ಎರವಲು ಪಡೆಯಬಾರದೆನ್ನುವುದೂ ಇದಕ್ಕೇ. ಅವರ ತೋಳು ನಿಮ್ಮ ತೋಳಲ್ಲ.

ಬಾಣಗಳು ಜೋಡಿಯಾಗಿರುತ್ತವೆ. ಒಂದು ಹಾಯಾ, ಇನ್ನೊಂದು ಒತೊಯಾ. ಮೊದಲು ಬಿಡುವುದು ಹಾಯಾ. ಹಕ್ಕಿಯ ಗರಿಯನ್ನು ನಡುದಂಟಿನ ಉದ್ದಕ್ಕೆ ಸೀಳಿದರೆ ಎರಡು ಹೋಳು. ಒಂದು ಹೋಳು ಹಾಯಾಕ್ಕೆ, ಇನ್ನೊಂದು ಒತೊಯಾಕ್ಕೆ. ಎರಡರ ಬಾಗು ಎದುರುಬದುರು. ಹಾಗಾಗಿ ಹಾರುವಾಗ ಹಿಂದಿನಿಂದ ನೋಡಿದರೆ ಹಾಯಾ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಒತೊಯಾ ಉಲ್ಟಾ ತಿರುಗುತ್ತದೆ. ಪ್ರತಿ ಬಾಣಕ್ಕೆ ಮೂರು ಗರಿ. ಹೂಡಿದಾಗ ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವ ಗರಿಗೆ ಹಾಶಿರಿಬಾ ಎಂದು ಹೆಸರು. ಹೂಡುವಾಗ ಕಣ್ಣು ಅದನ್ನೇ ಹುಡುಕಲಿ.

ಹಿಂದೆ ಹದ್ದು ಗಿಡುಗಗಳ ಗರಿಯೇ ಶ್ರೇಷ್ಠವಾಗಿತ್ತು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಕಟ್ಟುಪಾಡು ಬಂದ ಮೇಲೆ ಟರ್ಕಿ ಕೋಳಿ, ಬಾತು ಜಾತಿಯ ಹಕ್ಕಿಗಳ ಗರಿ ಸಾಮಾನ್ಯವಾಗಿದೆ. ನಿಮ್ಮ ಮೊದಲ ಬಾಣಗಳಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಕಡ್ಡಿಯೇ ಇರಲಿ. ಬಿದಿರಿನ ಬಾಣ ನೋಡಲು ಎಷ್ಟು ಚಂದವೋ ನೆಲಕ್ಕೆ ಬಿದ್ದು ಹಾಳಾಗುವುದೂ ಅಷ್ಟೇ ಬೇಗ. ಆರು ಬಾಣದ ಕಟ್ಟು ಕೊಂಡರೆ ನಾಲ್ಕು ಬಳಕೆಗೆ, ಎರಡು ಆಪತ್ತಿಗೆ.

ಹುಲ್ಲಿನ ಉರುಳೆಗೆ (ಮಾಕಿವಾರ) ಬಿಡುವ ಬಾಣವೇ ಬೇರೆ. ಸುಮಾರು ಒಂದು ಬಿಲ್ಲಿನ ಉದ್ದದಷ್ಟು ದೂರದಿಂದ ಭತ್ತದ ಹುಲ್ಲಿನ ಬಿಗಿ ಕಟ್ಟಿಗೆ ಬಿಡುವುದು ಅದು. ಗರಿ ಬೇಕಿಲ್ಲ. ಒಳ್ಳೆಯ ಬಾಣವನ್ನು ಹುಲ್ಲಿಗೆ ನುಗ್ಗಿಸಿ ಗರಿ ಸವೆಸಿಕೊಳ್ಳಬೇಡಿ. ಗುರಿಯ ಅಂಗಳದಲ್ಲಿ ದೂರ 28 ಮೀಟರ್, ಗುರಿಯ ಅಡ್ಡಳತೆ 36 ಸೆಂ.ಮೀ., ಹಿಂದೆ ಮರಳಿನ ದಿಬ್ಬ. ತಪ್ಪಿದ ಬಾಣ ಮರಳಿಗೆ ಹೋಗುತ್ತದೆ. ಪ್ರತಿ ಸಲ ತಂದ ಕೂಡಲೇ ಮೊನೆಯ ಮರಳು ಒರೆಸಿ, ಬಾಲದ ಸೀಳು ಬಿರಿದಿದೆಯೇ ಎಂದು ಉಗುರಾಡಿಸಿ ನೋಡಿ.

ಆ ಸೀಳಿಗೆ ಜಪಾನಿಯಲ್ಲಿ ಹಾಜು ಎನ್ನುತ್ತಾರೆ. ದಿನಬಳಕೆಯಲ್ಲಿ "ಹಾಗೆ ಆಗಲೇಬೇಕು, ಆಗುತ್ತದೆ" ಎನ್ನಲೂ ಅದೇ ಪದ. ಹೆದೆ ಮತ್ತು ಸೀಳು ಒಂದಕ್ಕೊಂದು ಕೂರಲೇಬೇಕಲ್ಲ, ಅಲ್ಲಿಂದ ಬಂದದ್ದು.

ಬತ್ತಳಿಕೆ ಎಲ್ಲಿ?

ಟಿ.ವಿ. ಧಾರಾವಾಹಿಯ ಅರ್ಜುನನನ್ನು ನೋಡಿದವರು ಕೇಳುವ ಪ್ರಶ್ನೆ ಇದು. ಕ್ಯೂದೊ ಅಂಗಳದಲ್ಲಿ ಬೆನ್ನಿಗೆ ಬತ್ತಳಿಕೆ ಕಟ್ಟುವುದಿಲ್ಲ. ಎರಡು ಬಾಣ ಹಿಡಿದು ಹೋಗುತ್ತಾರೆ. ಒಂದನ್ನು ಹೂಡಿದಾಗ ಇನ್ನೊಂದು ಬಲಗೈಯ ಕೊನೆಯ ಬೆರಳುಗಳ ನಡುವೆ ಕಾಯುತ್ತಿರುತ್ತದೆ. ಮನೆಯಿಂದ ತರಲು ಮಾತ್ರ ಯಾಜುತ್ಸು ಎಂಬ ಮುಚ್ಚಳದ ಕೊಳವೆ.

ಹಿಂದಿನ ಸಮುರಾಯ್ ಯೋಧರ ಬತ್ತಳಿಕೆಗಳೂ ಬೆನ್ನಿನವಲ್ಲ, ಸೊಂಟದವು. ಎಬಿರಾ ಎಂಬುದು ತೆರೆದ ಚೌಕಟ್ಟು, ಬುಡದಲ್ಲಿ ಪುಟ್ಟ ಪೆಟ್ಟಿಗೆ. ಮೊನೆಗಳು ಅದರಲ್ಲಿ ಊರಿಕೊಂಡು, ಕಡ್ಡಿಗಳು ಬೀಸಣಿಗೆಯಂತೆ ಹರಡಿ ನಿಲ್ಲುತ್ತಿದ್ದವು. ಉತ್ಸುಬೊ ಎಂಬುದು ತುಪ್ಪಳ ಹೊದಿಸಿದ ಮುಚ್ಚಿದ ಚೀಲ, ಮಳೆಗೆ ಗರಿ ನೆನೆಯದಂತೆ. ಎಡ ಮುಂಗೈಗೆ ತೋಮೊ ಎಂಬ ಉಬ್ಬಿದ ಚರ್ಮದ ಕಾಪು ಕಟ್ಟುತ್ತಿದ್ದ ಕಾಲವೂ ಇತ್ತು. ನಾರಾದ ಶೋಸೋಯಿನ್ ಭಂಡಾರದಲ್ಲಿ ಅಂಥವು ಉಳಿದಿವೆ. ನಮ್ಮ ಮಹಾಭಾರತದ ವೀರರು ಯುದ್ಧಕ್ಕೆ ಮುಂಚೆ ಕಟ್ಟಿಕೊಳ್ಳುವ ಗೋಧಾಂಗುಲಿತ್ರಾಣವೂ ತೋಳಿಗೆ ಬೆರಳಿಗೆ ಇಂಥದ್ದೇ ಕಾಪು. ಹಳೆಯ ಸಾಮಾನುಗಳನ್ನು ಮೈಮೇಲೆ ಕಂಡೇ ತೀರಬೇಕೆಂದರೆ ಸೆಪ್ಟೆಂಬರ್‌ನಲ್ಲಿ ಕಾಮಾಕುರಾದ ತ್ಸುರುಗಾವೋಕಾ ಹಾಚಿಮಾನ್ ಗುಡಿಯ ಕುದುರೆ ಬಿಲ್ಲುಗಾರಿಕೆಗೆ ಹೋಗಿ. ಜಿಂಕೆ ಚರ್ಮದ ತೊಡೆಗಾಪು, ಹೆಣೆದ ಟೋಪಿ ತೊಟ್ಟ ಸವಾರರು ಓಡುವ ಕುದುರೆಯ ಮೇಲಿಂದ ಬಾಣ ಬಿಡುತ್ತಾರೆ.

ಹೆದೆ ಮತ್ತು ಅದರ ಪರಿವಾರ

ಬಿಲ್ಲು ಎರವಲಾದರೂ ಹೆದೆ ನಿಮ್ಮದಾಗಿರಲಿ. ಭಂಗಿ ನಾರಿನ ಹೆದೆ ಹಳೆಯ ಬಗೆ, ಬಿಟ್ಟಾಗ ಅದರ ನಾದವೇ ಬೇರೆ, ಆದರೆ ಬೇಗ ಹರಿಯುತ್ತದೆ. ಕೃತಕ ನಾರಿನದು ಬಾಳಿಕೆಯದು. ಶುರುವಿಗೆ ಅದೇ ಸಾಕು. ಮೇಲಿನ ಕುಣಿಕೆಗೆ ಕೆಂಪು ಬಟ್ಟೆ ಸುತ್ತಿರುತ್ತದೆ, ಕೆಳಗಿನದಕ್ಕೆ ಬಿಳಿ. ಸೂರ್ಯ ಮೇಲೆ, ಚಂದ್ರ ಕೆಳಗೆ ಎಂದು ನೆನಪಿಟ್ಟುಕೊಳ್ಳಿ. ಇಲ್ಲಿನವರೂ ಹಾಗೇ ಹೆಸರಿಟ್ಟಿದ್ದಾರೆ.

ಹೆದೆ ಹಾಗೇ ಬಳಸಲು ಬರುವುದಿಲ್ಲ. ಬಾಣದ ಸೀಳು ಕೂರುವ ಜಾಗವನ್ನು ದಪ್ಪ ಮಾಡಿಕೊಳ್ಳಬೇಕು. ಅದಕ್ಕೆ ನಕಾಜಿಕಾಕೆ ಎನ್ನುತ್ತಾರೆ. ಎಲ್ಲರೂ ತಾವೇ ಮಾಡಿಕೊಳ್ಳುವ ಕೆಲಸ ಇದು, ಬಿಡಿಸಿ ಹೇಳುತ್ತೇನೆ.

1. ಹೆದೆ ಏರಿಸಿದ ಬಿಲ್ಲನ್ನು ನೆಟ್ಟಗೆ ಹಿಡಿದು, ಹಿಡಿಕೆಯ ಮೇಲಂಚಿನ ಸಮಕ್ಕೆ ಬಾಣವನ್ನು ಅಡ್ಡ ಇಟ್ಟು ಹೆದೆಯ ಮೇಲೆ ಗುರುತು ಮಾಡಿ. ಬಾಣದ ಬಾಲ ಮಟ್ಟಕ್ಕಿಂತ ಒಂದು ಕಡ್ಡಿಯ ದಪ್ಪದಷ್ಟು ಮೇಲಿರಲಿ.

2. ಹಳೆಯ ನಾರಿನ ಹೆದೆಯ ತುಂಡನ್ನು ಬಿಡಿಸಿ ಒಂದು ಎಳೆ ತೆಗೆಯಿರಿ. ತುದಿಗಳನ್ನು ಉಗುರಿನಿಂದ ಹೆರೆದು ತೆಳ್ಳಗೆ ಮಾಡಿ. ತುದಿ ದಪ್ಪ ಉಳಿದರೆ ಸುತ್ತು ಗಂಟಾಗುತ್ತದೆ.

3. ಹೆದೆಗೆ ಅಂಟು ಸವರಿ. ಮರಗೆಲಸದ ಬಿಳಿ ಅಂಟು ಸಾಕು, ಇಲ್ಲಿ ಎಲ್ಲರೂ ಅದನ್ನೇ ಬಳಸುವುದು. ಗುರುತಿನ 2–3 ಸೆಂ.ಮೀ. ಮೇಲಿನಿಂದ ಶುರುಮಾಡಿ ಕೆಳಗೆ 7–8 ಸೆಂ.ಮೀ. ತನಕ ಸುತ್ತುತ್ತಾ ಬನ್ನಿ. ಯಾವ ದಿಕ್ಕಿಗೆ ಸುತ್ತಬೇಕೆಂಬುದನ್ನು ನಿಮ್ಮ ಗುರುವಿನ ಕೈ ನೋಡಿ ಕಲಿಯಿರಿ.

4. ದೋಹೋ ಎಂಬ ಎರಡು ಸಣ್ಣ ಮರದ ತುಂಡುಗಳ ನಡುವೆ ಹೆದೆಯನ್ನಿಟ್ಟು, ಹೂಬತ್ತಿ ಹೊಸೆದಹಾಗೆ ಉಜ್ಜಿ. ಸುತ್ತು ಬಿಗಿದು ದುಂಡಗಾಗಿ ಹೊಳಪು ಬರುತ್ತದೆ.

5. ಒಣಗಿದ ಮೇಲೆ ಬಾಣ ಕೂರಿಸಿ ನೋಡಿ. ಹೆದೆಯಿಂದ ಬಾಣ ಜೋತಾಡಬೇಕು, ಬೀಳಬಾರದು. ಬೆರಳಲ್ಲಿ ತಟ್ಟಿದರೆ ಕಳಚಬೇಕು. ಒತ್ತಿ ತುರುಕಬೇಕಾದರೆ ದಪ್ಪ ಜಾಸ್ತಿಯಾಗಿದೆ, ಸೀಳು ಒಡೆಯುತ್ತದೆ.

ನನ್ನ ಮೊದಲ ನಕಾಜಿಕಾಕೆ ಹೆಬ್ಬಾವು ಇಲಿ ನುಂಗಿದಂತಿತ್ತು. ಏಳನೆಯದು ಸರಿಬಂತು.

ನಾರಿನ ಹೆದೆಗೆ ಕುಸುನೆ ಬೇಕು. ಪೈನ್ ರಾಳವನ್ನು ಎಣ್ಣೆಯ ಜೊತೆ ಕಾಯಿಸಿ ಮಾಡಿದ ಅಂಟು ಅದು. ವರಾಜಿ ಎಂಬ ಪುಟ್ಟ ಚಪ್ಪಲಿಯಾಕಾರದ ಹೆಣಿಗೆಯಿಂದ ಹೆದೆಯ ಮೇಲೆ ಉಜ್ಜಿದರೆ ಬಿಸಿಗೆ ರಾಳ ಕರಗಿ ನಾರುಗಳನ್ನು ಹಿಡಿದಿಡುತ್ತದೆ. ಕೈಗೆ ಕುಸುನೆ ಸವರಿ ಕಾಯುವುದು ಅಂದರೆ ಜಪಾನಿಯಲ್ಲಿ ಸೊಂಟ ಕಟ್ಟಿ ನಿಲ್ಲುವುದು, ವೈರಿ ಬರಲಿ ಎಂದು.

ಬದಲಿ ಹೆದೆಯನ್ನು ಬೆತ್ತದಲ್ಲಿ ಹೆಣೆದ, ಚಕ್ಕುಲಿಯಷ್ಟಗಲದ ತ್ಸುರುಮಾಕಿಗೆ ಸುತ್ತಿ ಇಡುತ್ತಾರೆ. ಗಿರಿಕೊದ ಪುಟ್ಟ ಡಬ್ಬಿಯೂ ಅದಕ್ಕೇ ಜೋತಿರುತ್ತದೆ. ನನ್ನ ಅಚ್ಚುಮೆಚ್ಚಿನ ಸಾಮಾನು ಇದು. ಬರೀ ಹೊಸ ಹೆದೆ ಸುತ್ತಿಟ್ಟರೆ ಪ್ರಯೋಜನವಿಲ್ಲ. ಒಮ್ಮೆ ಬಿಲ್ಲಿಗೇರಿಸಿ, ಎಳೆದು, ನಕಾಜಿಕಾಕೆ ಮಾಡಿ, ನಾಲ್ಕು ಬಾಣ ಬಿಟ್ಟು ನೋಡಿದ ಹೆದೆ ಅದರಲ್ಲಿರಬೇಕು. ಅಂಗಳಗಳ ನಡುವಿನ ಒಂದು ಸಣ್ಣ ಪಂದ್ಯದಲ್ಲಿ ಎರಡನೇ ಬಾಣಕ್ಕೇ ನನ್ನ ಹೆದೆ ಟಪ್ಪೆಂದಿತು. ಹೆದೆ ಹರಿದರೆ ಗಾಬರಿಯಾಗದೆ ಮಂಡಿಯೂರಿ, ತುಂಡು ಎತ್ತಿಕೊಂಡು, ಕ್ಷಮೆ ಕೇಳುವಂತೆ ಬಾಗಿ ಹಿಂದೆ ಸರಿಯಬೇಕು. ಅದನ್ನೆಲ್ಲ ಸರಿಯಾಗಿ ಮಾಡಿದೆ. ಹಿಂದೆ ಹೋಗಿ ತ್ಸುರುಮಾಕಿ ಬಿಚ್ಚಿದರೆ ಅಂಗಡಿಯಿಂದ ತಂದಹಾಗೇ ಇದ್ದ ಬೋಳು ಹೆದೆ. ಉಳಿದ ಹೊತ್ತೆಲ್ಲ ಬೇರೆಯವರ ಬಾಣ ಎಣಿಸುತ್ತ ಕೂತೆ.

ಕೊನೆಗೆ ಬಿಲ್ಲು

ಒಂದು ವರ್ಷ ಎರವಲು ಬಿಲ್ಲಿನಲ್ಲಿ ಕಳೆದ ಮೇಲೆ ನಿಮಗೆ ಎಷ್ಟು ಕಿಲೋ ಎಳೆಯಬಲ್ಲಿರಿ ಎಂಬುದು ಗೊತ್ತಾಗಿರುತ್ತದೆ. ಆಗ ಕೊಳ್ಳಿ.

ಯುಮಿ, ಅಂದರೆ ಜಪಾನಿ ಬಿಲ್ಲು, ಜಗತ್ತಿನ ಉದ್ದದ ಬಿಲ್ಲುಗಳಲ್ಲಿ ಒಂದು. ಸಾಧಾರಣ ಅಳತೆ 221 ಸೆಂ.ಮೀ., ಅಂದರೆ ಹಳೆಯ ಲೆಕ್ಕದಲ್ಲಿ 7 ಶಾಕು 3 ಸುನ್. ಯಾಜುಕಾ 90 ಸೆಂ.ಮೀ. ದಾಟಿದವರಿಗೆ 227 ಸೆಂ.ಮೀ.ನದು. ಹಿಡಿಕೆ ನಡುವಿನಲ್ಲಿಲ್ಲ, ಕೆಳಗಿನಿಂದ ಸುಮಾರು ಮೂರನೇ ಒಂದು ಭಾಗದಲ್ಲಿದೆ. ಮೊದಲ ಬಿಲ್ಲು ಗಾಜುನಾರಿನದೇ ಆಗಲಿ. ಮಳೆ, ಸೆಕೆ, ನಿಮ್ಮ ತಪ್ಪು ಎಲ್ಲವನ್ನೂ ಸಹಿಸುತ್ತದೆ. ಬಿದಿರಿನ ಬಿಲ್ಲಿನ ಬೆಲೆ ಇದರ ಹಲವು ಪಟ್ಟು. ಕ್ಯೂಶೂ ದ್ವೀಪದ ಮಿಯಾಕೊನೊಜೊ ಊರು ಅದಕ್ಕೆ ಹೆಸರುವಾಸಿ. ಬಿದಿರಿನ ಪಟ್ಟಿ, ಹಾಜೆ ಮರ ಸೇರಿಸಿ, ಬೆಣೆ ಬಡಿದು ಬಗ್ಗಿಸಿ ಮಾಡುವ ಆ ಬಿಲ್ಲು ಹವೆಗೆ ತಕ್ಕಂತೆ ಮನಸ್ಸು ಬದಲಿಸುತ್ತದೆ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಅಂಟು ಬಿಡಬಹುದು. ಹೆದೆ ಏರಿಸಿದ ಕೂಡಲೇ ಎಳೆಯದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸಬೇಕು.

ಹೆದೆ ಏರಿಸಲು ಬಿಲ್ಲಿನ ಮೇಲ್ತುದಿಯನ್ನು ಗೋಡೆಯ ಮರದ ಕಚ್ಚಿಗೆ ಊರಿ, ಕೆಳತುದಿಯನ್ನು ತೊಡೆಯ ಮೇಲೆ ತಂದು, ಬಿಲ್ಲು ಬಗ್ಗಿಸಿ ಬಿಳಿ ಕುಣಿಕೆ ಸಿಕ್ಕಿಸುವುದು. ಶುರುವಿಗೆ ಇಬ್ಬರು ಮಾಡಿ. ಏರಿಸಿದ ಮೇಲೆ ಹಿಡಿಕೆಯಿಂದ ಹೆದೆಗೆ ಸುಮಾರು 15 ಸೆಂ.ಮೀ. ಇದೆಯೇ ಎಂದು ಅಳೆಯಿರಿ. ಬಾಣವಿಲ್ಲದೆ ಪೂರಾ ಎಳೆದು ಬಿಡುವುದನ್ನು ಮಾತ್ರ ಎಂದೂ ಮಾಡಬೇಡಿ.

ಹಿಡಿಕೆಗೆ ಸುತ್ತಿದ ತೆಳು ಜಿಂಕೆ ಚರ್ಮ ಸವೆದಾಗ ನೀವೇ ಬದಲಿಸಿಕೊಳ್ಳಬಹುದು. ಚರ್ಮದ ಅಡಿಗೆ ಕೈಗೆ ತಕ್ಕಷ್ಟು ದಪ್ಪ ಬರಲೆಂದು ಇಡುವ ತುಂಡಿಗೆ ಇಲ್ಲಿನವರು ಆಂಕೊ ಎನ್ನುತ್ತಾರೆ. ಸಿಹಿತಿಂಡಿಯೊಳಗಿನ ಹುರುಳಿಯಂಥ ಕೆಂಪು ಕಾಳಿನ ಹೂರಣಕ್ಕೂ ಅದೇ ಹೆಸರು. ನನ್ನ ಬೆರಳು ಉದ್ದ, ಹೂರಣ ಸ್ವಲ್ಪ ಜಾಸ್ತಿ ಬೇಕಾಯಿತು.

ಒಯ್ಯುವಾಗ ಬಿಲ್ಲಿಗೆ ಉದ್ದನೆ ಬಟ್ಟೆ ಸುತ್ತಿ, ಕೆಳತುದಿಗೆ ಇಶಿಜುಕಿ ಎಂಬ ಟೋಪಿ ತೊಡಿಸಿ. ರೈಲು ಹತ್ತುವಾಗ ಬಿಲ್ಲಿನ ಮೇಲ್ತುದಿ ಮುಂದಕ್ಕೆ ಬಾಗಿಸಿ ಒಳಗೆ ಹೋಗಿ, ಹೋದ ಮೇಲೆ ನೆಟ್ಟಗೆ ನಿಲ್ಲಿಸಿ ಮೂಲೆ ಹಿಡಿಯಿರಿ. ಬಾಗಿಲ ಚೌಕಟ್ಟಿಗೆ ಬಡಿದ ಸದ್ದಿಗೆ ಡಬ್ಬಿಯಿಡೀ ತಿರುಗಿ ನೋಡಿದ ಅನುಭವದಿಂದ ಹೇಳುತ್ತಿದ್ದೇನೆ. ಅಂಗಳದಲ್ಲಿ ನೆಲದ ಮೇಲಿಟ್ಟ ಬಿಲ್ಲನ್ನು ದಾಟಬೇಡಿ, ಸುತ್ತಿಕೊಂಡು ಹೋಗಿ.

ನಾನು ಕೊಂಡದ್ದು ಹದಿನಾಲ್ಕನೇ ತಿಂಗಳಿಗೆ. ಗಾಜುನಾರಿನದು, 13 ಕಿಲೋ. ಸುತ್ತಿದ ಬಟ್ಟೆ ಬಿಚ್ಚಿ ಸೆನ್ಸೇ ಮುಂದೆ ಹಿಡಿದೆ. ಅವರು ಬಿಲ್ಲಿನ ಕಡೆ ಒಮ್ಮೆ ನೋಡಿ, ಕಾಕೆ ತೆಗೆಸಿ, ನನ್ನ ಹೆಬ್ಬೆರಳನ್ನು ಮತ್ತೆ ಎರಡು ಸಲ ಒತ್ತಿದರು. "ಒಳಗವಸು ಬದಲಿಸು, ಒದ್ದೆಯಾಗಿದೆ" ಅಂದರು.